ಮತ್ತೆ ನೋಡಿದಾಗಲೂ ಹಿಡಿಸುವ ಸಿನಿಮಾ, ಕಾರ್ಟೂನು ಯಾವುವು?

ಹಳೇ ಹುಬ್ಬಳ್ಳಿಯವ:

ಎಲ್ಲರಿಗೂ ನಮಸ್ಕಾರ. ನಾನು ಸಿನಿಮಾ ವಿದ್ಯೆ ಬಲ್ಲವನಲ್ಲ. ಅಂಗಡಿಗೆ ಸೂಟಿ ಇರುವ ದಿನ ಮನೆಯವರೊಂದಿಗೆ ಪಡಸಾಲೆಯಲ್ಲಿ ಕುಳಿತು ನೋಡುವ ಸಾಮಾನ್ಯ ಪ್ರೇಕ್ಷಕ. ಕಳೆದ ದೀಪಾವಳಿಯಲ್ಲಿ, ನಾನು ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನೆಲ್ಲ ಒಂಬತ್ತು ವರ್ಷದ ಮಗಳಿಗೆ ತೋರಿಸಬೇಕೆಂಬ ಹುಮ್ಮಸ್ಸು ಬಂದು ಒಂದು ಪಟ್ಟಿ ಮಾಡಿದೆ. ಅದರಲ್ಲಿ ಅರ್ಧದಷ್ಟನ್ನು ಹತ್ತು ನಿಮಿಷದ ಮೇಲೆ ನೋಡುವುದು ನನ್ನಿಂದಲೇ ಆಗಲಿಲ್ಲ.

ಮೊದಲು ತೋರಿಸಿದ್ದು ಮೊಗ್ಲಿಯ ‘ಜಂಗಲ್ ಬುಕ್’. 1990ರ ದಶಕದ ಆರಂಭದಲ್ಲಿ ಭಾನುವಾರ ಬೆಳಿಗ್ಗೆ ಅದು ದೂರದರ್ಶನದಲ್ಲಿ ಬರುವ ಹೊತ್ತಿಗೆ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಹೊಸ್ತಿಲ ಹೊರಗೆ ಇಪ್ಪತ್ತು ಜೋಡಿ ಚಪ್ಪಲಿಗಳಿರುತ್ತಿದ್ದವು. ಅದು ಜಪಾನಿನಲ್ಲಿ ತಯಾರಾದದ್ದು, ಶೇರ್ ಖಾನನಿಗೆ ದನಿ ಕೊಟ್ಟವರು ನಾನಾ ಪಾಟೇಕರ್, ಹಾಡು ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್ ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ನನಗೆ ಹಿಂದಿಯೇ ಬರುತ್ತಿರಲಿಲ್ಲ. ಆ ಹಾಡಿನಲ್ಲಿ ‘ಜಂಗಲ್’ ಬಿಟ್ಟರೆ ನನಗೆ ತಿಳಿಯುತ್ತಿದ್ದ ಶಬ್ದ ‘ಚಡ್ಡಿ’ ಒಂದೇ, ಏಕೆಂದರೆ ಅದು ನಮ್ಮಲ್ಲಿಯೂ ಚಡ್ಡಿಯೇ. ಪಕ್ಕದ ಮನೆಯ ಹುಡುಗ ಉರ್ದು ಮಾತನಾಡುವವನಾದ್ದರಿಂದ ಅವನು ಹೇಳಿದ್ದೇ ಅರ್ಥ, ಅವನು ಕಟ್ಟಿದ್ದೇ ಕಥೆ. ಈಗ ಎಲ್ಲ ಮಾತೂ ತಿಳಿಯುತ್ತದೆ, ಆದರೆ ಕಾಡು ಆಗಿನಷ್ಟು ದಟ್ಟವಾಗಿ ಕಾಣಲಿಲ್ಲ.

ಇನ್ನು ಸಿನಿಮಾ. 1972ರ ‘ಬಂಗಾರದ ಮನುಷ್ಯ’ವನ್ನು ನಾನು ಮೊದಲು ನೋಡಿದ್ದು ಗಣೇಶ ಚೌತಿಯ ಪೆಂಡಾಲಿನ ಮುಂದೆ ಗೋಣಿಚೀಲ ಹಾಸಿಕೊಂಡು. ಈ ಸಲ ಮಗಳೊಂದಿಗೆ ನೋಡುವಾಗ, ಇದೂ ಕೈಕೊಡುತ್ತದೆಯೇನೋ ಎಂದು ನಿಜವಾಗಿಯೂ ಅಂಜಿದ್ದೆ. ಕೈಕೊಡಲಿಲ್ಲ. ಕೊನೆಯಲ್ಲಿ ರಾಜೀವ ಎಲ್ಲವನ್ನೂ ಬಿಟ್ಟು ಮನೆಯಿಂದ ಹೊರಟುಹೋದಾಗ ಮಗಳು, ‘ಅಪ್ಪಾ, ಅಂವ ತಿರುಗಿ ಬರ್ತಾನೇನು?’ ಎಂದು ಕೇಳಿದಳು. ಪೆಂಡಾಲಿನ ಮುಂದೆ ಕುಳಿತು ನಾನು ನಮ್ಮಪ್ಪನನ್ನು ಕೇಳಿದ್ದೂ ಅದನ್ನೇ.

ನನ್ನ ಪ್ರಶ್ನೆ ಇಷ್ಟೇ. ನೀವು ಚಿಕ್ಕಂದಿನಲ್ಲಿ ಮೆಚ್ಚಿದವುಗಳಲ್ಲಿ ಈಗ ಮತ್ತೆ ನೋಡಿದರೂ ಹಿಡಿಸುವಂಥವು ಯಾವುವು, ಏಕೆ ಹಿಡಿಸುತ್ತವೆ?

ಗದಗಿನ ಮಾಸ್ತರ:

ಒಳ್ಳೆಯ ಪ್ರಶ್ನೆ. ನಿಮ್ಮ ಮೊಗ್ಲಿಯ ವಿಷಯದಲ್ಲಿ ನನ್ನ ಅನುಮಾನವೆಂದರೆ, ನಿಮಗೆ ಹಿಡಿಸಿದ್ದು ಆ ಕಾರ್ಟೂನಲ್ಲ, ಪಕ್ಕದ ಮನೆಯ ಹುಡುಗ ಹೇಳಿದ ಕಥೆ. ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು. ಜಂಗಲ್ ಬುಕ್ಕಿನಲ್ಲಿದ್ದ ಬಾಲೂ ಕರಡಿ ‘ಟೇಲ್‌ಸ್ಪಿನ್’ನಲ್ಲಿ ಟೊಪ್ಪಿಗೆ ಹಾಕಿಕೊಂಡು ವಿಮಾನ ಹಾರಿಸುವುದನ್ನು ಕಂಡ ನನ್ನ ಮಗ, ಅವನಿಗೆ ನೌಕರಿ ಸಿಕ್ಕಿದೆಯೆಂದೇ ತಿಳಿದಿದ್ದ. ಶೇರ್ ಖಾನನು ಅದೇ ಕಾರ್ಯಕ್ರಮದಲ್ಲಿ ಸೂಟು ಬೂಟು ಧರಿಸಿದ ದೊಡ್ಡ ವ್ಯಾಪಾರಿಯಾಗಿ ಬರುತ್ತಿದ್ದುದರಿಂದ ಅವನ ವಾದವನ್ನು ಅಲ್ಲಗಳೆಯುವುದೂ ಕಷ್ಟವಿತ್ತು. ಈ ಮಜಾ ಇದ್ದದ್ದು ನೋಡುವವನ ತಲೆಯಲ್ಲಿ. ಅದನ್ನು ಮತ್ತೆ ಹುಡುಕಲು ಹೋದರೆ ಪರದೆಯ ಮೇಲೆ ಎಲ್ಲಿಂದ ಸಿಗಬೇಕು?

ನನ್ನ ಲೆಕ್ಕದಲ್ಲಿ ಇಂದಿಗೂ ಸ್ವಂತ ಬಲದಿಂದ ನಿಂತಿರುವುದು ‘ಟಾಮ್ ಅಂಡ್ ಜೆರ್ರಿ’, ಅದರಲ್ಲೂ ಹ್ಯಾನಾ ಮತ್ತು ಬಾರ್ಬೆರಾ ಜೋಡಿ 1940ರಿಂದ ಮಾಡಿದ ಹಳೆಯ ಕಂತುಗಳು. ಅವುಗಳಲ್ಲಿ ಮಾತು ತೀರ ಕಡಿಮೆ, ಮಾತು ಮಾಡಬೇಕಾದ ಕೆಲಸವನ್ನೆಲ್ಲ ಸಂಗೀತ ಮಾಡುತ್ತದೆ. ಸ್ಕಾಟ್ ಬ್ರಾಡ್ಲಿ ಎಂಬ ಸಂಗೀತಗಾರರು ಬೆಕ್ಕಿನ ಒಂದೊಂದು ಹೆಜ್ಜೆಗೂ ಒಂದೊಂದು ಸ್ವರ ಹೊಂದಿಸಿದ್ದಾರೆ. ಇಲಿ ಓಡಿದರೆ ಪಿಟೀಲು ಓಡುತ್ತದೆ, ಬೆಕ್ಕು ಮೆಟ್ಟಿಲಿಂದ ಉರುಳಿದರೆ ಪಿಯಾನೋ ಉರುಳುತ್ತದೆ. ನಮ್ಮ ಅವ್ವನಿಗೆ ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ಕನ್ನಡವನ್ನೂ ಓದಲು ಬರುತ್ತಿರಲಿಲ್ಲ. ಆದರೆ ಸೊಪ್ಪು ಸೋಸುತ್ತ ಕುಳಿತು ಅದನ್ನು ನೋಡಿ ನಗುವಾಗ ಆಕೆಗೆ ಯಾರ ಅರ್ಥವಿವರಣೆಯೂ ಬೇಕಾಗುತ್ತಿರಲಿಲ್ಲ.

ನಮ್ಮ ಮಕ್ಕಳಿಗೆ ಕಾರ್ಟೂನು ಬಹುಕಾಲ ಕನ್ನಡದಲ್ಲಿ ಸಿಗದೆ ಇದ್ದುದಕ್ಕೆ ಡಬ್ಬಿಂಗ್ ವಿರೋಧವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. 1960ರ ದಶಕದಲ್ಲಿ ಆ ವಿರೋಧ ಹುಟ್ಟಿದಾಗ ಅದಕ್ಕೆ ತಕ್ಕ ಕಾರಣವಿತ್ತು, ಕನ್ನಡ ಚಿತ್ರೋದ್ಯಮ ಉಳಿಯಬೇಕಿತ್ತು. ಆದರೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂತಹ ತಡೆ ಸಲ್ಲದು ಎಂದು ಆದೇಶಿಸುವವರೆಗೂ ಅದು ಎಳೆದುಕೊಂಡು ಬಂತು. 2009ರಲ್ಲಿ ಆರಂಭವಾದ ಚಿಂಟು ಟಿ.ವಿ.ಯಲ್ಲಿ ಕಾರ್ಟೂನುಗಳು ಕನ್ನಡ ಮಾತನಾಡುವುದನ್ನು ಕೇಳಿದಾಗ, ನನ್ನ ಮಗನ ಬಾಲ್ಯದಲ್ಲಿಯೇ ಇದು ಬಂದಿದ್ದರೆ ಚೆನ್ನಾಗಿತ್ತಲ್ಲ ಎನಿಸಿತು.

ಸಾಧನಕೇರಿಯಿಂದ ಅಕ್ಕ:

ಮಾಸ್ತರರ ಕೊನೆಯ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಾರ್ಟೂನು ಕನ್ನಡಕ್ಕೆ ಬಂತು ನಿಜ, ಆದರೆ ಯಾವ ಕನ್ನಡಕ್ಕೆ? ಅದರ ಪಾತ್ರಗಳೆಲ್ಲ ಬೆಂಗಳೂರಿನ ಕಡೆಯವರಂತೆಯೇ ಮಾತನಾಡುತ್ತವೆ. ಸಿನಿಮಾದಲ್ಲಂತೂ ನಮ್ಮ ಕಡೆಯ ಮಾತು ಬಹುಕಾಲ ನಗಿಸುವ ಪಾತ್ರಗಳ ಪಾಲಿಗೇ ಮೀಸಲಾಗಿತ್ತು. ನಾಯಕನು ಪುಸ್ತಕದ ಕನ್ನಡದಲ್ಲಿ ಪ್ರೀತಿಸುತ್ತಾನೆ, ಅಡಿಗೆಯವನು ‘ಹೌದ್ರಿಯಪಾ’ ಎನ್ನುತ್ತಾನೆ, ಜನ ನಗುತ್ತಾರೆ. ಹುಬ್ಬಳ್ಳಿಯ ಅಪ್ಸರಾದಲ್ಲೋ ಸುಧಾದಲ್ಲೋ ಕುಳಿತು ನಾವೂ ನಕ್ಕಿದ್ದೇವೆ ಎಂಬುದು ಬೇರೆ ಮಾತು.

ಆದ್ದರಿಂದ ನನ್ನ ಮಟ್ಟಿಗೆ, ಎಷ್ಟು ಸಲ ನೋಡಿದರೂ ಹಳತಾಗದ ಚಿತ್ರ 1997ರ ‘ನಾಗಮಂಡಲ’. ಗಿರೀಶ ಕಾರ್ನಾಡರ ನಾಟಕವನ್ನು ನಾಗಾಭರಣ ಅವರು ತೆರೆಗೆ ತಂದರು. ಸಂಭಾಷಣೆ ಮತ್ತು ಹಾಡುಗಳನ್ನು ಗೋಪಾಲ ವಾಜಪೇಯಿಯವರು ಬರೆದರು, ಸಿ. ಅಶ್ವತ್ಥ್ ರಾಗ ಹಾಕಿದರು. ಅದರಲ್ಲಿ ನಮ್ಮ ಮಾತು ಅಳುತ್ತದೆ, ಪ್ರೀತಿಸುತ್ತದೆ, ಸಿಟ್ಟಿಗೇಳುತ್ತದೆ. ಅದನ್ನು ಕೇಳಿ ನಗಲು ಅಲ್ಲಿ ಯಾರನ್ನೂ ಕೂಡಿಸಿಲ್ಲ. ಮೊದಲ ಸಲ ನೋಡಿದಾಗ ಕಥೆಗಿಂತ ಹೆಚ್ಚಾಗಿ, ನಮ್ಮ ಸೋದರತ್ತೆ ಮಾತನಾಡುವ ಹಾಗೆಯೇ ತೆರೆಯ ಮೇಲೆ ಒಬ್ಬ ಹೆಂಗಸು ಗಂಭೀರವಾಗಿ ಮಾತನಾಡುತ್ತಿದ್ದಾಳೆ ಎಂಬುದೇ ನನಗೆ ದೊಡ್ಡ ಅಚ್ಚರಿಯಾಗಿತ್ತು. ಆದರೆ ನಿಮ್ಮ ಮಗಳಿಗೆ ಅದನ್ನು ಈಗಲೇ ತೋರಿಸಬೇಡಿ, ಒಂಬತ್ತು ವರ್ಷಕ್ಕೆ ತಕ್ಕ ಕಥೆ ಅದಲ್ಲ.

ಅವಳಿಗಾದರೆ 1993ರ ‘ಚಿನ್ನಾರಿ ಮುತ್ತ’. ಅದೂ ನಾಗಾಭರಣ ಅವರದೇ. ಹಳ್ಳಿಯ ಹುಡುಗ ಓಟಗಾರನಾಗುವ ಕಥೆ, ಬಾಲಕ ವಿಜಯ ರಾಘವೇಂದ್ರನ ಅಭಿನಯ, ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳು. ಎರಡನೆಯ ಸಲ ನೋಡಿದಾಗ ಕೆಲವು ದೃಶ್ಯಗಳು ನನಗೆ ಉದ್ದವೆನಿಸಿದವು. ಹಾಡುಗಳು ಬಂದಾಗ ಆ ತಕರಾರು ಮರೆತುಹೋಯಿತು.

ಶಿಗ್ಗಾವಿಯವ:

ಅಕ್ಕಾವರು 1990ರ ‘ಸಂತ ಶಿಶುನಾಳ ಶರೀಫ’ವನ್ನು ಬಿಟ್ಟುಬಿಟ್ಟರಲ್ಲ! ಶಿಶುನಾಳ ನಮ್ಮ ತಾಲ್ಲೂಕಿನ ಊರಾದ್ದರಿಂದ ನಾನು ಪಕ್ಷಪಾತಿಯೇ ಸರಿ. ಶ್ರೀಧರ್ ಅವರ ಶರೀಫ, ಕಾರ್ನಾಡರ ಗೋವಿಂದ ಭಟ್ಟ, ಇಬ್ಬರನ್ನೂ ಇಂದಿಗೂ ಕಣ್ಣು ಕೀಳದೆ ನೋಡಬಹುದು. ಮಕ್ಕಳಿಗೆ ಬೇಸರವಾಗುವುದೆಂಬ ಚಿಂತೆಯಿದ್ದರೆ ಮೊದಲು ‘ಕೋಡಗನ್ನ ಕೋಳಿ ನುಂಗಿತ್ತ’ ಪದವನ್ನು ಹೇಳಿಕೊಡಿ. ಕೋಳಿ ಕೋತಿಯನ್ನು, ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗುವ ಕಾರ್ಟೂನು ಅದು. ಗುರುವಿನ ಪಾದದ ಮಾತು ದೊಡ್ಡವರಾದ ಮೇಲೆ ತಿಳಿದರೆ ಸಾಕು.

ಹಳೇ ಹುಬ್ಬಳ್ಳಿಯವ:

ಮೂವರಿಗೂ ಧನ್ಯವಾದಗಳು. ಮಾಸ್ತರರು ಹೇಳಿದ್ದನ್ನು ಪರೀಕ್ಷಿಸಲೆಂದು ಕಳೆದ ಭಾನುವಾರ ಮಗಳ ಪಕ್ಕದಲ್ಲಿ ನಮ್ಮ ಅವ್ವನನ್ನೂ ಕೂಡಿಸಿ ಟಾಮ್ ಅಂಡ್ ಜೆರ್ರಿ ಹಾಕಿದೆ. ಇಬ್ಬರೂ ಒಂದೇ ಕಡೆ ನಕ್ಕರು. ನಡುವೆ ಅವ್ವ, ‘ಪಾಪ, ಬೆಕ್ಕಿಗೆ ಒಂದರ ಸಲ ಸಿಗಬಾರದೇನ?’ ಎಂದು ಮರುಗಿದ್ದೂ ಉಂಟು.

ಆಮೇಲೆ ಮಗಳಿಗೆ ಜಂಗಲ್ ಬುಕ್ಕಿನ ಒಂದು ಕಂತನ್ನು ದನಿ ಪೂರ್ತಿ ಕಡಿಮೆ ಮಾಡಿ ತೋರಿಸುತ್ತ, ಪಕ್ಕದ ಮನೆಯ ಆ ಗೆಳೆಯನ ಕಥೆಯನ್ನು ನೆನಪಿದ್ದಷ್ಟು ಹೇಳಿದೆ. ಅವನ ಕಥೆಯಲ್ಲಿ ಶೇರ್ ಖಾನನು ಮೊಗ್ಲಿಯ ಕಳೆದುಹೋದ ಕಾಕಾ ಆಗಿದ್ದ. ಕಂತು ಮುಗಿದಾಗ ಅವಳು ಮುಂದಿನದನ್ನೂ ಹಾಕಲು ಹೇಳಿದಳು, ದನಿ ಮಾತ್ರ ಬೇಡವಂತೆ. ನೆನಪಿದ್ದ ಕಥೆ ಮುಗಿದುಹೋಗಿದೆ. ಆ ಗೆಳೆಯ ಈಗ ಗೋವಾದಲ್ಲಿದ್ದಾನೆ, ಇವತ್ತು ರಾತ್ರಿ ಅವನಿಗೆ ಫೋನ್ ಮಾಡಬೇಕು.