ಮದುವೆ ಕೋಟಿಗೆ ನಿಜವಾದ ತುಪ್ಪಳದ ಕಾಲರ್ ತಂದುಕೊಟ್ಟಿದ್ದಾರೆ, ಹೊಲಿಯಲು ಮನಸ್ಸಿಲ್ಲ

ಹೊಲಿಗೆಅಕ್ಕ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಬ್ಲೌಸು, ಗಂಡಸರ ಕುಪ್ಯ, ಮಕ್ಕಳ ಫ್ರಾಕು, ಎಲ್ಲಾ. ಹುತ್ತರಿ ಕಳೆದ ಮೇಲೆ ಮಡಿಕೇರಿಯಲ್ಲಿ ಒಂದು ಮದುವೆ ಇದೆ. ರಿಸೆಪ್ಷನ್ ಸಂಜೆ, ಬಯಲಿನಲ್ಲಿ. ಆ ಚಳಿ ನಿಮಗೆ ಗೊತ್ತಲ್ವಾ. ಹುಡುಗಿಗೆ ಸೀರೆಯ ಮೇಲೆ ಮರೂನ್ ವೆಲ್ವೆಟ್ ಕೋಟು ಬೇಕು, ಅದಕ್ಕೆ ಬಿಳಿ ತುಪ್ಪಳದ ಕಾಲರ್.

ಕಾಲರ್ ಮದುವೆ ಮನೆಯವರೇ ತಂದರು. ಹುಡುಗಿಯ ದೊಡ್ಡಮ್ಮ ವಿದೇಶದಲ್ಲಿದ್ದಾಗ ತೊಡುತ್ತಿದ್ದ ಕೋಟಿನದಂತೆ, "ಒರಿಜಿನಲ್ ನರಿಯದು" ಎಂದರು. ಬಾಯಿಂದ ಊದಿ ನೋಡಿದೆ. ಕೂದಲು ಬಿಡಿಸಿಕೊಂಡು ಬುಡದಲ್ಲಿ ತೆಳು ಚರ್ಮ ಕಾಣಿಸಿತು. ಆಮೇಲೆ ಅದನ್ನು ಮೆಷಿನ್ ಮೇಲೆ ಇಡಲು ಕೈ ಬರಲಿಲ್ಲ. ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ.

ನಾನು ಕೋಳಿ, ಹಂದಿ ತಿನ್ನುವ ಮನೆಯವಳೇ. ದೊಡ್ಡಮ್ಮನೂ ಅದನ್ನೇ ಕೇಳಿದರು. "ನಮ್ಮ ಐನ್‌ಮನೆ ಗೋಡೆ ತುಂಬ ಕೊಂಬುಗಳಿವೆ, ಇದೊಂದು ಕಾಲರ್‌ಗೆ ಏನು?" ಎಂದರು. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನರಿ ಅಂದರೆ ಹುಲಿ. ಹಿಂದೆ ಹುಲಿ ಕೊಂದವನಿಗೆ ನರಿ ಮಂಗಲ ಮಾಡುತ್ತಿದ್ದರು, ಆ ಹುಲಿಗೂ ಅವನಿಗೂ ಮದುವೆಯ ಹಾಗೆ. ಸತ್ತ ಪ್ರಾಣಿಗೂ ಒಂದು ಮರ್ಯಾದೆ ಇತ್ತು. ಪಂಜರದಲ್ಲೇ ಹುಟ್ಟಿ, ತುಪ್ಪಳ ಹಾಳಾಗಬಾರದು ಅಂತ ಕರೆಂಟು ಹೊಡೆಸಿ ಕೊಲ್ಲುವ ಫಾರ್ಮಿನ ನರಿಗೆ ಯಾರು ಮರ್ಯಾದೆ ಕೊಟ್ಟರು? ಇದನ್ನು ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಕೃತಕ ತುಪ್ಪಳ ಹಾಕೋಣ ಎಂದರೆ ಹುಡುಗಿ ಒಪ್ಪುತ್ತಾಳೆ. ದೊಡ್ಡಮ್ಮನಿಗೆ ಅದು ಗೊಂಬೆ ತರಹ ಕಾಣುತ್ತದಂತೆ. ಗೊಂಬೆ ತರಹ ಕಾಣದ್ದನ್ನು ಆರಿಸುವುದು ಹೇಗೆ? ಕತ್ತರಿಸುವುದು ಹೇಗೆ? ಹಿಂದೊಮ್ಮೆ ಕತ್ತರಿ ಹಾಕಿದಾಗ ಅಂಚೆಲ್ಲ ಬೋಳಾಗಿತ್ತು.

ಸ್ಯಾಂಪಲ್‌ರೂಮ್

ಅಕ್ಕ, ನಾನು ಸೋಮವಾರಪೇಟೆಯವನು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಹೊಲಿಯುತ್ತಿದ್ದೆ.

ಕತ್ತರಿ ಬಿಟ್ಟುಬಿಡಿ. ಬಟ್ಟೆ ಮಗುಚಿ ಹಾಕಿ, ಹಿಂಬದಿಯಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಬಟ್ಟೆಯನ್ನು ಮಾತ್ರ ಸೀಳಿ. ಕೂದಲು ತುಂಡಾಗಬಾರದು. ಆಮೇಲೆ ಎರಡೂ ಕಡೆ ಹಿಡಿದು ಮೆಲ್ಲಗೆ ಬಿಡಿಸಿ. ಕೂದಲು ಯಾವ ಕಡೆ ಮಲಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಕಾಲರ್‌ನ ಎಡ ಬಲ ಎರಡೂ ಒಂದೇ ಥರ ಇಳಿಯಬೇಕು. ಅಂಚಿನ ಕೂದಲನ್ನು ಒಳಗೆ ತಳ್ಳಿ ಪಿನ್ ಮಾಡಿ, ಹೊಲಿಗೆ ಉದ್ದ ಇಡಿ. ಹೊಲಿದ ಮೇಲೆ ಸಿಕ್ಕಿಕೊಂಡ ಕೂದಲನ್ನು ದಪ್ಪ ಸೂಜಿಯಿಂದ ಎಳೆದು ಬಾಚಿ. ಜೋಡಿಸಿದ್ದು ಕಾಣುವುದೇ ಇಲ್ಲ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಕರಗುತ್ತದೆ.

ಎಲ್ಲ ಎಳೆಯೂ ಒಂದೇ ಉದ್ದ, ಒಂದೇ ಹೊಳಪು ಇದ್ದರೆ ಗೊಂಬೆ ತರಹ ಕಾಣುತ್ತದೆ. ಮೇಲೆ ಉದ್ದ ಎಳೆ, ಬುಡದಲ್ಲಿ ಒತ್ತಾದ ಗಿಡ್ಡ ಎಳೆ ಇರುವುದನ್ನು ಕೇಳಿ. ಅಚ್ಚಬಿಳಿ ಬೇಡ, ಕೆನೆಬಣ್ಣ ತೆಗೆದುಕೊಳ್ಳಿ. ಮೋಡಾಕ್ರಿಲಿಕ್ ಎಂಬ ಕೃತಕ ಎಳೆಯದು ಸಿಕ್ಕರೆ ಒಳ್ಳೆಯದು, ಬೇಗ ಬೆಂಕಿ ಹಿಡಿಯುವುದಿಲ್ಲ. ಮದುವೆ ಮನೆಯಲ್ಲಿ ದೀಪಗಳಿರುತ್ತವೆ.

ಒಂದು ಎಚ್ಚರ. ಕೃತಕ ಅಂತ ಹೇಳಿ ಮೊಲದ ತುಪ್ಪಳ ಮಾರಿದ್ದೂ ಉಂಟು. ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ನಿಜವಾದದ್ದು ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ. ಕೃತಕ ಕರಗಿ ಗಟ್ಟಿ ಮಣಿಯಾಗುತ್ತದೆ.

ಕುಶಾಲನಗರದವ

ದೊಡ್ಡಮ್ಮನಿಗೆ ಪಕ್ಕದ ಬೈಲಕುಪ್ಪೆಯವರ ಕಥೆ ಹೇಳಿ ಅಕ್ಕ. ಟಿಬೆಟಿನವರ ಚುಬಾ ಉಡುಪಿಗೆ ಹುಲಿ, ಚಿರತೆ, ನೀರುನಾಯಿಯ ತುಪ್ಪಳದ ಅಂಚು ಅಂದರೆ ದೊಡ್ಡ ಪ್ರತಿಷ್ಠೆ ಆಗಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಎಂಬ ಬೌದ್ಧ ದೀಕ್ಷಾ ಸಮಾರಂಭ ನಡೆದಾಗ ದಲೈ ಲಾಮಾ ಅವರು ಕಾಡುಪ್ರಾಣಿಗಳ ಚರ್ಮ ತೊಡಬೇಡಿ ಎಂದು ಕೇಳಿಕೊಂಡರು. ಅದಾದ ಮೇಲೆ ಟಿಬೆಟಿನಲ್ಲಿ ಜನ ಬೆಲೆಬಾಳುವ ಆ ತುಪ್ಪಳಗಳನ್ನು ರಾಶಿ ಹಾಕಿ ಸುಟ್ಟರು. ಉಡುಪು ಉಳಿಯಿತು, ಅಂಚು ಹೋಯಿತು.

ದುಬಾರೆ ಕಡೆ ಕಾವೇರಿಯಲ್ಲಿ ನೀರುನಾಯಿಗಳು ಮುಳುಗಿ ಏಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವನ್ನು ನೋಡಿದವರಿಗೆ ಕಾಲರ್ ಮಾಡುವ ಮನಸ್ಸು ಬರುವುದಿಲ್ಲ.

ಇನ್ನೊಂದು, 2017ರಲ್ಲಿ ನಮ್ಮ ಸರ್ಕಾರ ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳದ ಚರ್ಮಗಳ ಆಮದನ್ನೇ ನಿಲ್ಲಿಸಿತು.

ಕಾಫಿಕಣ

ನಾನೂ ನಿಜವಾದ ತುಪ್ಪಳದ ಪರ ಅಲ್ಲ. ಆದರೆ ಕೃತಕ ಅಂದರೆ ಪ್ಲಾಸ್ಟಿಕ್ಕೇ ಅಲ್ವಾ? ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರುತ್ತವೆ, ನಮ್ಮ ತೋಡುಗಳಿಂದ ಕಾವೇರಿಗೆ. ಸುಮ್ನೆ ಒಂದು ಸಂಜೆಗೆ ಅಂತ ಕೊಂಡು ಎಸೆಯುವುದು ಬೇಡ. ವರ್ಷಗಟ್ಟಲೆ ತೊಡುವ ಹಾಗೆ ಮಾಡಿ.

ಹೊಲಿಗೆಅಕ್ಕ, ವಿರಾಜಪೇಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಲೇಡಿನ ಉಪಾಯ ಫಲಿಸಿತು, ಒಂದು ಎಳೆಯೂ ಉದುರಲಿಲ್ಲ. ಕೆನೆಬಣ್ಣದ್ದೇ ಸಿಕ್ಕಿತು, ಸುಟ್ಟು ನೋಡಿದೆ, ಮಣಿಯಾಯಿತು.

ನಿನ್ನೆ ದೊಡ್ಡಮ್ಮ ಬಂದಿದ್ದರು. ಹಳೆಯ ಕಾಲರ್ ತೆಗೆದು ಅವರ ಕೈಗೇ ಕೊಟ್ಟೆ. ನಮ್ಮ ಮಳೆಗಾಲಕ್ಕೆ ಒಳಗಿನ ಚರ್ಮ ಬೂಷ್ಟು ಹಿಡಿದಿತ್ತು, ಮಡಚಿದ ಕಡೆ ಬಿರುಕು ಬಿಟ್ಟಿತ್ತು. ಬೈಲಕುಪ್ಪೆಯ ಕಥೆ ಹೇಳಿದೆ. ನರಿ ಮಂಗಲದ ಮಾತನ್ನೂ ಕೊನೆಗೆ ಹೇಳಿಯೇಬಿಟ್ಟೆ. ಅವರು ಜಾಸ್ತಿ ಏನೂ ಹೇಳಲಿಲ್ಲ. ಹೊಸ ಕಾಲರ್ ಮೇಲೆ ಎರಡು ಸಲ ಕೈಯಾಡಿಸಿದರು. "ಬಲ ಭುಜದಲ್ಲಿ ಸೀರೆ ಪಿನ್ನು ಬರುತ್ತೆ, ಅಲ್ಲಿ ಸಿಕ್ಕದ ಹಾಗೆ ನೋಡಿಕೋ" ಎಂದರು.

ಕಾಫಿಕಣ ಅವರೇ, ನಿಮ್ಮ ಮಾತು ಕೇಳಿ ಕಾಲರ್ ಅನ್ನು ಹುಕ್ಕಿನಲ್ಲಿ ಕೂರಿಸಿದ್ದೇನೆ. ಬಿಚ್ಚಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೇರೆ ಕೋಟಿಗೂ ಹಾಕಬಹುದು.