ಹೊಲಿಗೆಯಿಲ್ಲದೆ ಬೂಟಿನ ಪಟ್ಟಿಗೆ ಬಕಲ್ ಕೂಡಿಸುವುದು ಹೇಗೆ?

ತೊಗಲಗಂಟು (ಗೋಣಿಕೊಪ್ಪಲು):

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯನ್ನೇ ಕಾರ್ಯಾಗಾರ ಮಾಡಿಕೊಂಡು ನಾನು ನಾಲ್ಕು ವರ್ಷಗಳಿಂದ ಚರ್ಮದ ಚೀಲ, ಬೆಲ್ಟುಗಳನ್ನು ಮಾಡುತ್ತಿದ್ದೇನೆ. ಕಳೆದ ವರ್ಷದಿಂದ, ಪಾದದ ಮೇಲೆ ಅಡ್ಡಪಟ್ಟಿಯೊಂದು ಹಾದು ಹೊರಬದಿಯಲ್ಲಿ ಬಕಲ್ಲಿಗೆ ಸಿಕ್ಕಿಕೊಳ್ಳುವ ಬಗೆಯ ಬೂಟುಗಳನ್ನೂ ಮಾಡತೊಡಗಿದ್ದೇನೆ. ಇದರಲ್ಲಿ ಎರಡು ಪಟ್ಟಿಗಳಿವೆ: ತೂತುಗಳಿರುವ ಉದ್ದಪಟ್ಟಿ ಒಂದು, ಬಕಲ್ಲನ್ನು ಹಿಡಿದಿರುವ ಗಿಡ್ಡಪಟ್ಟಿ ಇನ್ನೊಂದು. ಗಿಡ್ಡಪಟ್ಟಿಯ ತುದಿಯನ್ನು ಬಕಲ್ಲಿನ ಅಡ್ಡಸರಳಿಗೆ ಸುತ್ತಿ, ಹಿಂದಕ್ಕೆ ಮಡಿಸಿ ಹೊಲಿಯುವುದು ವಾಡಿಕೆ. ನನ್ನ ಪ್ರಶ್ನೆ ಆ ಮಡಿಕೆಯ ಕುರಿತಾದದ್ದು.

ನಮ್ಮ ಮಳೆಗಾಲ ಎಂಥದ್ದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಟು ಒಣಗುವುದೆಂಬುದೇ ಇಲ್ಲ; ಮಡಿಕೆಯ ಒಳಗೆ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಸೂಜಿಯ ತೂತುಗಳ ಸಾಲಿನಲ್ಲೇ ಚರ್ಮ ಮೆತ್ತಗಾಗಿ ಅಂಚೆಚೀಟಿಯ ಹಾಳೆಯಂತೆ ಹರಿದುಬರುತ್ತದೆ. ಬಿಚ್ಚಿ ಮತ್ತೆ ಹೊಲಿದರೆ ಹಳೆಯ ತೂತುಗಳ ಪಕ್ಕದಲ್ಲಿ ಹೊಸ ತೂತುಗಳಾಗಿ ಪಟ್ಟಿ ಇನ್ನಷ್ಟು ಸೊರಗುತ್ತದೆ. ಆದುದರಿಂದ ಹೊಲಿಗೆಯಿಲ್ಲದೆ ಕೂಡಿಸಬಹುದಾದ, ಬೇಕೆಂದಾಗ ಕೈಯಿಂದಲೇ ಕಳಚಿ ಒರೆಸಿ ಒಣಗಿಸಬಹುದಾದ ವ್ಯವಸ್ಥೆಯೊಂದನ್ನು ರೂಪಿಸಬೇಕೆಂದಿದ್ದೇನೆ.

ಈವರೆಗೆ ಮೂರು ಬಗೆಯನ್ನು ಪ್ರಯತ್ನಿಸಿ ಮೂರರಲ್ಲೂ ಸೋತಿದ್ದೇನೆ. ಒಂದೇ ಒಂದು ಟೊಳ್ಳು ರಿವೆಟ್ ಹೊಡೆದಾಗ ಎರಡನೆಯ ವಾರಕ್ಕೆ ತೂತು ಉದ್ದವಾಗಿ ಅಂಚಿನವರೆಗೆ ಹರಿಯಿತು. ಪ್ಯಾಂಟಿನ ತೂಗುಪಟ್ಟಿಗೆ ಇರುವಂಥ ಹಲ್ಲುಗಳ ತಗಡಿನ ಹಿಡಿಕೆ ಒಣ ಚರ್ಮವನ್ನು ಚೆನ್ನಾಗಿ ಕಚ್ಚಿತಾದರೂ ಒದ್ದೆಯಾದೊಡನೆ ಜಾರಿತು. ಬೆಲ್ಟಿಗೆ ಹಾಕುವ ಎರಡು ತುಂಡಿನ ಸ್ಕ್ರೂ ಹತ್ತು ದಿನ ನಿಂತು, ತಾನಾಗಿಯೇ ಸಡಿಲಗೊಂಡು, ಒಂದು ತುಂಡು ಕಾಫಿ ತೋಟದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಪಟ್ಟಿಯ ಅಗಲ 15 ಮಿ.ಮೀ., ದಪ್ಪ 1.4 ಮಿ.ಮೀ.; ಬಕಲ್ ಹಿತ್ತಾಳೆಯದು. ಅನುಭವವುಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ಮೊಳೆಪೆಟ್ಟಿಗೆ (ಕುಶಾಲನಗರ):

ತಂಗೀ, ನಾನು ಇಪ್ಪತ್ತು ವರ್ಷಗಳಿಂದ ಪಾದರಕ್ಷೆಗಳ ದುರಸ್ತಿ ಮಾಡುತ್ತಿರುವವನು. ನಿಮ್ಮ ರಿವೆಟ್ಟಿನಲ್ಲಿ ತಪ್ಪಿಲ್ಲ, ಅದನ್ನು ಕೂಡಿಸಿದ ಜಾಗದಲ್ಲಿ ತಪ್ಪಿದೆ. ತೂತಿನಿಂದ ಪಟ್ಟಿಯ ತುದಿಗೆ ಕನಿಷ್ಠ ತೂತಿನ ಅಗಲದ ಎರಡು ಪಟ್ಟು ಚರ್ಮ ಉಳಿಯಬೇಕು, ಮೂರು ಪಟ್ಟು ಉಳಿದರೆ ಇನ್ನೂ ಒಳ್ಳೆಯದು. ಹಿಂಬದಿಗೆ ವಾಷರ್ ಹಾಕದೆ ರಿವೆಟ್ ಹೊಡೆಯಲೇಬಾರದು. ದಬ್ಬಳದಿಂದ ಚುಚ್ಚಿ ಅಗಲಿಸಿದ ತೂತೂ ಪಂಚಿನಿಂದ ಕತ್ತರಿಸಿದ ತೂತೂ ಒಂದೇ ಅಲ್ಲವೆಂಬುದು ನಿಮಗೆ ತಿಳಿದೇ ಇರುತ್ತದೆ.

ಇನ್ನೊಂದು ಮಾತು ಕೇಳಬೇಕೆನಿಸುತ್ತದೆ: ಪಟ್ಟಿಯನ್ನು ಹಾಳೆಯ ಯಾವ ಭಾಗದಿಂದ ಕತ್ತರಿಸುತ್ತಿದ್ದೀರಿ? ಹೊಟ್ಟೆಯ ಭಾಗದ ಚರ್ಮ ಜೋಲು ಬೀಳುತ್ತದೆ, ಎಳೆದಷ್ಟೂ ಹಿಗ್ಗುತ್ತದೆ. ಬೆನ್ನಿನ ಭಾಗದಿಂದ, ಬೆನ್ನುಮೂಳೆಯ ಉದ್ದಕ್ಕೆ ಸಮನಾಗಿ ಕತ್ತರಿಸಿದ ಪಟ್ಟಿ ಅಷ್ಟಾಗಿ ಹಿಗ್ಗುವುದಿಲ್ಲ. ಚರ್ಮ ಮಿಗಿಸುವ ಆಸೆಯಿಂದ ಪಟ್ಟಿಗಳನ್ನು ಅಂಚಿನ ತುಂಡುಗಳಲ್ಲಿ ತೆಗೆಯುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಅದು ಸರಿಯಾಗದೆ ಹೊಲಿದರೂ ಹರಿಯುತ್ತದೆ, ಹೊಲಿಯದಿದ್ದರೂ ಹರಿಯುತ್ತದೆ.

ಆದರೆ ಕಳಚುವಂತಿರಬೇಕು ಎಂಬ ನಿಮ್ಮ ಷರತ್ತಿಗೆ ರಿವೆಟ್ ಒದಗುವುದಿಲ್ಲವೆಂಬುದನ್ನು ಒಪ್ಪುತ್ತೇನೆ.

ಹಳೆಯ ಲೇತು (ಮಡಿಕೇರಿ):

ಮೊದಲು ಸ್ಕ್ರೂ ಏಕೆ ಸಡಿಲವಾಯಿತೆಂಬುದನ್ನು ನೋಡೋಣ, ಏಕೆಂದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ. ಬಿಗಿದ ಸ್ಕ್ರೂ ನಿಲ್ಲುವುದು ಅದು ಹಿಡಿದಿರುವ ವಸ್ತು ಅದನ್ನು ಹಿಂದಕ್ಕೆ ಒತ್ತುತ್ತಿರುವವರೆಗೆ ಮಾತ್ರ. ಕಬ್ಬಿಣದ ಎರಡು ಫಲಕಗಳಾದರೆ ಆ ಒತ್ತಡ ವರ್ಷಗಟ್ಟಲೆ ಉಳಿಯುತ್ತದೆ. ಚರ್ಮವಾದರೋ ಒತ್ತಿದಷ್ಟೂ ನಿಧಾನವಾಗಿ ಕುಗ್ಗುತ್ತ ಹೋಗುತ್ತದೆ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಇನ್ನಷ್ಟು ತೆಳುವಾಗುತ್ತದೆ, ಹೀಗಾಗಿ ಸ್ಕ್ರೂವಿನ ಕೆಳಗೆ ಒತ್ತಡವೇ ಇಲ್ಲದಂತಾಗಿ ಪ್ರತಿ ಹೆಜ್ಜೆಯ ಅಲುಗಾಟಕ್ಕೂ ಅದು ಕೂದಲೆಳೆಯಷ್ಟು ತಿರುಗುತ್ತದೆ. ಸ್ಕ್ರೂವನ್ನೇ ಬಳಸಬೇಕೆಂದಿದ್ದರೆ, ಅದರ ಕೊಳವೆಯ ಉದ್ದವನ್ನು ಚರ್ಮದ ಒಟ್ಟು ದಪ್ಪಕ್ಕಿಂತ ಕೂದಲಷ್ಟೇ ಕಡಿಮೆ ಇರಿಸಿ. ಆಗ ಲೋಹಕ್ಕೆ ಲೋಹ ತಾಗಿ ಬಿಗಿಯುತ್ತದೆ, ಚರ್ಮ ನಡುವೆ ಸಿಕ್ಕಿಕೊಂಡಿರುತ್ತದೆಯಷ್ಟೆ. ಸ್ಕ್ರೂವಿನ ಮರೆಗೆ (ಸುರುಳಿ ಗೆರೆಗಳಿಗೆ) ಒಂದು ಹನಿ ಅಂಟನ್ನೋ ಉಗುರುಬಣ್ಣವನ್ನೋ ಹಚ್ಚಿದರೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ.

ಆದರೂ ನನ್ನ ಅಭಿಪ್ರಾಯದಲ್ಲಿ ಇಲ್ಲಿ ಸ್ಕ್ರೂವೂ ಬೇಡ, ರಿವೆಟ್ಟೂ ಬೇಡ. ನೀವು ಪ್ರಯತ್ನಿಸಿದ ಮೂರೂ ಬಗೆಗಳಲ್ಲಿ ಪಟ್ಟಿಯನ್ನು ಎಳೆದಷ್ಟೂ ಹಿಡಿತಕ್ಕೆ ಕೇಡೇ ಆಗುತ್ತದೆ. ಹಗ್ಗದ ಜೀರುಗುಣಿಕೆಯನ್ನು ನೆನೆಸಿಕೊಳ್ಳಿ: ಎಳೆದಷ್ಟೂ ಬಿಗಿಯುವುದೇ ಅದರ ಗುಣ. ಎಳೆತವೇ ಹಿಡಿತವನ್ನು ಬಿಗಿ ಮಾಡುವಂತಿರಬೇಕು.

ಅದಕ್ಕೊಂದು ಸರಳ ಆಕಾರ ಹೀಗಿದೆ. ಗಿಡ್ಡಪಟ್ಟಿಯ ತುದಿಯನ್ನು ಬಾಣದ ತಲೆಯಂತೆ ಕತ್ತರಿಸಿ: ತಲೆಯ ಅಗಲ 14 ಮಿ.ಮೀ., ಅದರ ಹಿಂದಿನ ಕತ್ತಿನ ಅಗಲ 8 ಮಿ.ಮೀ. ಪಟ್ಟಿಯ ಬುಡದ ಕಡೆ, ಅಡ್ಡಕ್ಕೆ, ಕತ್ತು ಹಿಡಿಸುವಷ್ಟು ಉದ್ದದ ಒಂದು ಸೀಳು. ತುದಿಯನ್ನು ಅಡ್ಡಸರಳಿಗೆ ಸುತ್ತಿ ಪಟ್ಟಿಯ ಅಡಿಯಲ್ಲಿ ಹಿಂದಕ್ಕೆ ತಂದು, ತಲೆಯನ್ನು ಉದ್ದುದ್ದಕ್ಕೆ ಮಡಚಿ ಸೀಳಿನ ಮೂಲಕ ಮೇಲಕ್ಕೆ ನುಗ್ಗಿಸಿ ಬಿಡಿಸಿದರೆ ಅದು ಹಿಂದಕ್ಕೆ ಬರಲಾರದು. ಉದ್ದಪಟ್ಟಿಯ ತುದಿ ಅದರ ಮೇಲೆಯೇ ಹಾದುಹೋಗುವುದರಿಂದ ಧರಿಸಿದಾಗ ತಲೆ ಮರೆಯಾಗುತ್ತದೆ, ಅದುಮಿಟ್ಟಂತೆಯೂ ಆಗುತ್ತದೆ.

ಕತ್ತು ಅಷ್ಟು ಕಿರಿದಾದರೆ ಹರಿಯದೇ ಎಂದು ನೀವು ಕೇಳಬಹುದು. ಅಡ್ಡಸರಳಿಗೆ ಸುತ್ತಿದ ಪಟ್ಟಿಗೆ ಎರಡು ಕಾಲುಗಳಿರುತ್ತವೆ, ಬಕಲ್ಲಿನ ಎಳೆತ ಎರಡಕ್ಕೂ ಹಂಚಿಹೋಗುತ್ತದೆ. ಸಾಲದ್ದಕ್ಕೆ ಸರಳಿನ ಮೇಲೆ ಉಜ್ಜಿಕೊಳ್ಳುವುದರಿಂದ, ಮಡಿಸಿದ ಕಾಲಿಗೆ ಬರುವ ಪಾಲು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಘರ್ಷಣೆಯ ಗುಣಾಂಕವನ್ನು 0.3 ಎಂದಿಟ್ಟುಕೊಂಡರೆ, ಅರ್ಧ ಸುತ್ತಿಗೆ ಎರಡು ಕಾಲುಗಳ ಎಳೆತದ ನಡುವೆ ಸುಮಾರು ಎರಡೂವರೆ ಪಟ್ಟಿನವರೆಗೆ ವ್ಯತ್ಯಾಸವಾಗಬಲ್ಲದು. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಒಬ್ಬನೇ ಹಿಡಿದುಕೊಳ್ಳುವುದು ಇದರಿಂದಲೇ.

ಎರಡು ಎಚ್ಚರಿಕೆಗಳಿವೆ. ಸೀಳಿನ ಎರಡೂ ತುದಿಗಳಲ್ಲಿ 2 ಮಿ.ಮೀ. ದುಂಡು ತೂತು ಹೊಡೆದು ಅವುಗಳ ನಡುವೆ ಮಾತ್ರ ಕತ್ತರಿಸಿ. ಚೂರಿಯಿಂದ ಎಳೆದ ಬರಿಯ ಸೀಳು ತನ್ನ ತುದಿಯಿಂದ ಹರಿಯುತ್ತಲೇ ಹೋಗುತ್ತದೆ. ಮಡಿಕೆ ಬೀಳುವ ಜಾಗದಲ್ಲಿ ಬಕಲ್ಲಿನ ಮುಳ್ಳಿಗೆಂದು ಉದ್ದನೆಯ ತೂತು ಬೇಕು, ಅದರ ತುದಿಗಳೂ ದುಂಡಗಿರಲಿ.

ಪೆಟಾರಿ (ವಿರಾಜಪೇಟೆ):

ಚರ್ಮದ ಕೆಲಸ ನನಗೆ ಬಾರದು. ಹಳೆಯ ಉಡುಗೆ ತೊಡುಗೆಗಳ ವಿಚಾರದಲ್ಲಿ ಆಸಕ್ತಿಯುಳ್ಳವನಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಬೂಟಿನ ಬಕಲ್ಲನ್ನು ಹೊಲಿಯದೆ ಕೂಡಿಸುವುದು ಹೊಸ ಯೋಚನೆಯೇನಲ್ಲ, ಒಂದು ಕಾಲಕ್ಕೆ ಅದೇ ರೂಢಿಯಾಗಿತ್ತು. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ತಾನು ಬೂಟಿಗೆ ಬಕಲ್ ಹಾಕಲು ಆರಂಭಿಸಿದ ದಿನವನ್ನು 1660ರ ಜನವರಿ 22 ಎಂದು ಬರೆದಿಟ್ಟಿದ್ದಾನೆ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಬಕಲ್ ಬೂಟಿನಿಂದ ಬೇರೆಯಾದ ಒಡವೆಯೇ ಆಗಿತ್ತು: ಬೂಟು ಸವೆದರೆ ಬಕಲ್ಲನ್ನು ಕಳಚಿ ಹೊಸ ಬೂಟಿಗೆ ಹಾಕಿಕೊಳ್ಳುತ್ತಿದ್ದರು, ಬೆಳ್ಳಿಯದನ್ನು ಹಬ್ಬಕ್ಕೆಂದು ಎತ್ತಿಡುತ್ತಿದ್ದರು.

ಅದರ ರಚನೆ ಹೀಗಿತ್ತು. ಹೊರಗೆ ಕಾಣುವ ಚೌಕಟ್ಟು ಅಲಂಕಾರಕ್ಕೆ. ಅದರ ನಡುವೆ ಒಂದು ಅಚ್ಚು, ಆ ಅಚ್ಚಿನ ಮೇಲೆ ಆಡುವ ಉಕ್ಕಿನ ಒಳಭಾಗ. ಒಳಭಾಗದ ಒಂದು ಕಡೆ ಬೂಟಿನ ಒಂದು ಪಟ್ಟಿಗೆ ಚುಚ್ಚಿಕೊಳ್ಳುವ ಅಥವಾ ಅದರ ಸೀಳಿನಲ್ಲಿ ಸಿಕ್ಕಿಕೊಳ್ಳುವ ಕೊಕ್ಕೆ, ಇನ್ನೊಂದು ಕಡೆ ಎದುರು ಪಟ್ಟಿಯನ್ನು ಹಿಡಿಯುವ ಕವಲು ಮುಳ್ಳು. ದಾರದ ಸೋಂಕೇ ಇರಲಿಲ್ಲ. ಬೂಟಿಗೆ ಲಾಡಿ ಕಟ್ಟುವ ಫ್ಯಾಷನ್ ಬಂದಾಗ ಕೆಲಸ ಕಳೆದುಕೊಂಡ ಬರ್ಮಿಂಗ್‌ಹ್ಯಾಂ ಸೀಮೆಯ ಬಕಲ್ ತಯಾರಕರು 1791ರಲ್ಲಿ ಯುವರಾಜನಿಗೇ ಮನವಿ ಸಲ್ಲಿಸಿದ್ದರು. ಅದರಿಂದ ಫ್ಯಾಷನ್ನೇನೂ ಹಿಂದಕ್ಕೆ ತಿರುಗಲಿಲ್ಲ.

ಅಷ್ಟು ದೂರ ಹೋಗುವುದೇಕೆ, ನಮ್ಮ ಕೊಡಗಿನಲ್ಲಿಯೇ ಕೊಡವರ ಯುದ್ಧಗತ್ತಿಯಾದ ಒಡಿಕತ್ತಿಯನ್ನು ಒರೆಯಿಲ್ಲದೆ ಬೆನ್ನಿಗೆ ಹಿಡಿದಿಡುವ ಹಿತ್ತಾಳೆಯ ತೊಡಂಗ್ ಇದೆಯಲ್ಲ. ಕತ್ತಿಯನ್ನು ಕಟ್ಟುವುದೂ ಇಲ್ಲ, ಹೊಲಿಗೆಯ ಚೀಲದಲ್ಲಿ ಇಡುವುದೂ ಇಲ್ಲ. ಲೋಹದ ಆಕಾರವೇ ಅದನ್ನು ಹಿಡಿಯುತ್ತದೆ. ನಿಮ್ಮ ಕೊಕ್ಕೆಯನ್ನು ಹಿತ್ತಾಳೆಯಲ್ಲಿಯೇ ಮಾಡಿಸುವ ಮನಸ್ಸಿದ್ದರೆ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ.

ಹಳೆಯ ಲೇತು (ಮಡಿಕೇರಿ):

ಪೆಟಾರಿಯವರು ಹೇಳಿದ ಕೊಕ್ಕೆಯ ಬಗ್ಗೆ ಒಂದು ತಿದ್ದುಪಡಿ. ಅದನ್ನು ಮಾಮೂಲು ಕಬ್ಬಿಣದಲ್ಲಿ ಮಾಡಿಸಲೇಬೇಡಿ. ಮರದ ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಒಗರಿನ ಅಂಶವಿರುತ್ತದೆ, ಒದ್ದೆಯಾದಾಗ ಅದು ಕಬ್ಬಿಣದೊಡನೆ ಕೂಡಿ ಶಾಯಿಯಂಥ ಕಪ್ಪು ಕಲೆಯಾಗುತ್ತದೆ. ಹಳೆಯ ಕಾಲದ ಬರೆವಣಿಗೆಯ ಶಾಯಿಯನ್ನು ಮಾಡುತ್ತಿದ್ದುದೂ ಇದೇ ರಸಾಯನದಿಂದ. ಹಿತ್ತಾಳೆಗೆ ಹಸಿರು ಕಿಲುಬು ಬಂದೀತು, ಆದರೆ ಒರೆಸಿದರೆ ಹೋಗುತ್ತದೆ. ಹಿತ್ತಾಳೆಯ ತಗಡನ್ನು ಬಾಗಿಸುವ ಮುನ್ನ ಮಂದ ಕೆಂಪಾಗುವವರೆಗೆ ಕಾಯಿಸಿ ಆರಿಸಿಕೊಳ್ಳಿ, ಇಲ್ಲವಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ತೊಗಲಗಂಟು (ಗೋಣಿಕೊಪ್ಪಲು):

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಉತ್ತರಿಸುವುದು ಬೇಡವೆನಿಸಿತು.

ಬಾಣದ ತಲೆಯ ಪಟ್ಟಿಯನ್ನು ಬೆನ್ನಿನ ಚರ್ಮದಲ್ಲಿ ಕತ್ತರಿಸಿ, ತೊಲೆಗೆ ನೇತುಹಾಕಿ, ಬಕಲ್ಲಿಗೆ 10 ಕಿಲೋ ಅಕ್ಕಿಯ ಚೀಲವನ್ನು ತೂಗುಬಿಟ್ಟೆ. ಒಣಗಿದ್ದಾಗ ಇಡೀ ಹಗಲು ಅಲುಗಲಿಲ್ಲ. ಆಮೇಲೆ ಅದೇ ಪಟ್ಟಿಯನ್ನು ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಸಿ ಮತ್ತೆ ತೂಗುಬಿಟ್ಟಾಗ, ಸುಮಾರು ಒಂದು ಗಂಟೆಯಲ್ಲಿ ತಲೆ ತಾನಾಗಿ ಮಡಚಿಕೊಂಡು ಸೀಳಿನಿಂದ ನುಸುಳಿ ಅಕ್ಕಿಯ ಚೀಲ ನೆಲಕ್ಕೆ ಬಿತ್ತು. ಕತ್ತು ಹರಿದಿರಲಿಲ್ಲ, ಸೋತದ್ದು ತಲೆ. ನೆನೆದ ಚರ್ಮದಲ್ಲಿ ಬಿರುಸೆಂಬುದೇ ಉಳಿಯದೆ, ಕೈಯಿಂದ ನುಗ್ಗಿಸಿದಷ್ಟೇ ಸುಲಭವಾಗಿ ಅದು ಹಿಂದಕ್ಕೂ ಬಂದುಬಿಟ್ಟಿತು.

ಲೇತು ಸರ್, ನೀವು ಹೇಳಿದ ಬಾವಿಯ ಹಗ್ಗದ ಮಾತಿನಿಂದಲೇ ಪರಿಹಾರ ಹೊಳೆಯಿತು. ಬುಡದ ಕಡೆಗೆ ಇನ್ನೂ 9 ಮಿ.ಮೀ. ದೂರದಲ್ಲಿ ಎರಡನೆಯ ಸೀಳೊಂದನ್ನು ಕತ್ತರಿಸಿ, ಮೇಲಕ್ಕೆ ಬಂದ ತಲೆಯನ್ನು ಅದರ ಮೂಲಕ ಮತ್ತೆ ಕೆಳಕ್ಕೆ ಇಳಿಸಿದೆ. ಈಗ ಬಾಲ ಎರಡು ಸಲ ಬಾಗುತ್ತದೆ. ತಲೆಗೆ ತಲುಪುವ ಎಳೆತ ಬಹಳ ಕಡಿಮೆ. ಅದು ಗಿಡ್ಡಪಟ್ಟಿಗೂ ಬೂಟಿನ ಪಕ್ಕದ ಚರ್ಮಕ್ಕೂ ನಡುವೆ ಅಡಗಿ ಕುಳಿತುಕೊಳ್ಳುವುದರಿಂದ ಮಡಚಿಕೊಳ್ಳಲು ಜಾಗವೂ ಇಲ್ಲ. ನೆನೆಸಿ ತೂಗಿದ ಪರೀಕ್ಷೆಯಲ್ಲಿ ಅದು ಎರಡು ದಿನ ನಿಂತಿತು, ಮೂರನೆಯ ದಿನ ಅತ್ತೆಗೆ ಅಕ್ಕಿ ಬೇಕಾಯಿತು.

ಹಿತ್ತಾಳೆಯ ಕೊಕ್ಕೆಯನ್ನೂ ಒಂದು ಜೊತೆ ಮಾಡಿದೆ. ನೋಡಲು ಚೆಂದ, ಕಳಚುವುದೂ ಸುಲಭ, ಆದರೆ ಗಿಡ್ಡಪಟ್ಟಿಯ ತುದಿಯಲ್ಲಿ ಅದು ಕೂರಲು ಬೇಕಾದ ದಪ್ಪ ನನ್ನ 1.4 ಮಿ.ಮೀ. ಚರ್ಮದಲ್ಲಿಲ್ಲ, ಒಂಟಿ ಪದರದಲ್ಲಿ ಅದರ ಕಾಲುಗಳು ಹಿಂದೆ ಮುಂದೆ ಆಡಿ ಸೀಳನ್ನು ತಿನ್ನತೊಡಗಿದವು. ಪದರ ದಪ್ಪಮಾಡಲು ಅಂಟಿಸಬೇಕು, ಅಂಟಿಸಿದ್ದು ಮಳೆಗೆ ಬಿಡುತ್ತದೆ. ಅದನ್ನು ಬೆಲ್ಟಿನ ಚರ್ಮಕ್ಕೆಂದು ಎತ್ತಿಟ್ಟಿದ್ದೇನೆ.

ಮೊಳೆಪೆಟ್ಟಿಗೆ (ಕುಶಾಲನಗರ):

ಎರಡು ಸೀಳಿನ ಉಪಾಯ ಚೆನ್ನಾಗಿದೆ ತಂಗೀ. ಬಾಲದ ಭಾಗವನ್ನು ಮಾತ್ರ ಒಳಬದಿಯಿಂದ ಹೆರೆದು 1 ಮಿ.ಮೀ.ಗೆ ಇಳಿಸಿದರೆ ಗಂಟುಗಂಟಾಗಿ ಕಾಣುವುದು ತಪ್ಪುತ್ತದೆ. ಕತ್ತನ್ನು ಮಾತ್ರ ಹೆರೆಯಬೇಡಿ. ಸೀಳುಗಳ ಅಂಚಿಗೆ ಬಿಸಿ ಮೇಣ ಹಚ್ಚಿ ಮೂಳೆಯಿಂದಲೋ ನಯವಾದ ಕಟ್ಟಿಗೆಯಿಂದಲೋ ಉಜ್ಜಿ, ನೀರು ಹೀರುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕಳಚುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನೀವು ಬರೆಯಲಿಲ್ಲ.

ತೊಗಲಗಂಟು (ಗೋಣಿಕೊಪ್ಪಲು):

ಒಣಗಿದ್ದಾಗ ನನಗೆ ಅರ್ಧ ನಿಮಿಷ ಸಾಕು ಅಣ್ಣ. ಒದ್ದೆಯಾಗಿದ್ದರೆ ಎರಡನೆಯ ಸೀಳಿನಿಂದ ತಲೆಯನ್ನು ಹಿಡಿದೆಳೆಯಲು ಬೆರಳಿಗೆ ಹಿಡಿತ ಸಿಕ್ಕದು, ದಬ್ಬಳದ ಹಿಡಿಯಿಂದ ಎತ್ತಬೇಕಾಗುತ್ತದೆ. ಅತ್ತೆಯವರಿಗಂತೂ ಕಳಚಲು ಬರಲೇ ಇಲ್ಲ. ತಲೆಯ ತುದಿಯಲ್ಲಿ ದಾರ ಪೋಣಿಸುವಷ್ಟು ತೂತೊಂದನ್ನು ಹೊಡೆದು ನೋಡುತ್ತೇನೆ. ಹೇರ್‌ಪಿನ್ ಸಿಕ್ಕಿಸಿ ಎಳೆದರೆ ಬಂದೀತು.