ರೊಟ್ಟಿ ಬಡಿಯುವಾಗ ಬೆನ್ನು ನೋವು: ಹೆಂಗಸರ ಹೃದಯದ ಬಗ್ಗೆ ಮೊಬೈಲ್ ಗುಂಪಿನಲ್ಲಿ ನಡೆದ ಪ್ರಶ್ನೋತ್ತರ

ಇಳಕಲ್ ಸದಸ್ಯೆ: ಡಾಕ್ಟರ್ ಮೇಡಂ, ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಅಂತಾರೆ. ನಿಜವಾ?

ಡಾಕ್ಟರ್: ಮುಟ್ಟು ನಿಲ್ಲುವ ತನಕ ಗಂಡಸರಿಗಿಂತ ಕಡಿಮೆ. ಆಮೇಲೆ ಆ ಅಂತರ ಕರಗುತ್ತಾ ಹೋಗುತ್ತದೆ. ಶುಗರ್ ಇದ್ದರೆ ಅದನ್ನೂ ನಂಬಿ ಕೂರಬೇಡಿ.

ಮುಧೋಳ ಸದಸ್ಯೆ: ಅವ್ವನಿಗೆ 54, ಶುಗರ್ ಇದೆ. ಒಂದು ತಿಂಗಳಿಂದ ರೊಟ್ಟಿ ಬಡಿಯುವಾಗ ಬೆನ್ನಿನ ಮೇಲ್ಭಾಗ, ದವಡೆ ಬಿಗಿಯುತ್ತದೆ. ಕೂತರೆ ಹೋಗುತ್ತದೆ. ಎದೆ ನೋವಿಲ್ಲ. ಇಸಿಜಿ ನಾರ್ಮಲ್, ಗ್ಯಾಸ್ ಅಂದರು.

ಡಾಕ್ಟರ್: ಇದು ನನಗೆ ಚಿಂತೆ ಹಚ್ಚಿದೆ. ಗ್ಯಾಸ್ ಹೀಗೆ ಕೆಲಸ ನೋಡಿಕೊಂಡು ಬರುವುದಿಲ್ಲ. ಕೆಲಸ ಮಾಡುವಾಗ ಬಂದು ಕೂತಾಗ ಹೋಗುವ ಬಿಗಿತ ಅಂದರೆ, ಹೃದಯಕ್ಕೆ ರಕ್ತ ಸಾಲುತ್ತಿಲ್ಲವಾ ಅಂತ ಮೊದಲು ನೋಡಬೇಕು. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬರಬಹುದು. ಆಗ ಹೃದಯಕ್ಕೆ ಅಷ್ಟು ದುಡಿಮೆಯೇ ಇರುವುದಿಲ್ಲ ಅಲ್ವಾ? ಹೆಂಗಸರಲ್ಲೂ ಎದೆ ನೋವೇ ಮುಖ್ಯ ಲಕ್ಷಣ. ಆದರೆ ಉಸಿರು ಕಟ್ಟುವುದು, ವಾಕರಿಕೆ, ದವಡೆ ನೋವು, ಬೆನ್ನು ನೋವು, ವಿಪರೀತ ಸುಸ್ತು ಅವರಲ್ಲಿ ಗಂಡಸರಿಗಿಂತ ಜಾಸ್ತಿ. ಇನ್ನೊಂದು ಮಾತು. ಆಂಜಿಯೋಗ್ರಾಮಿನಲ್ಲಿ, ಅಂದರೆ ಹೃದಯದ ರಕ್ತನಾಳಗಳ ಎಕ್ಸ್‌ರೇ ಚಿತ್ರದಲ್ಲಿ, ಕಾಣದಷ್ಟು ಸಣ್ಣ ರಕ್ತನಾಳಗಳು ಸರಿಯಾಗಿ ಹಿಗ್ಗದಿರುವ ತೊಂದರೆಯೂ ಹೆಂಗಸರಲ್ಲೇ ಹೆಚ್ಚು. ಬ್ಲಾಕ್ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಎರಡು ವಿಷಯ ಹೇಳಿ. ಬಸುರಿದ್ದಾಗ ಬಿಪಿ ಏರಿತ್ತಾ? ಸುಮ್ನೆ ಕೂತಾಗಲೂ ನೋವು ಬರುತ್ತಾ?

ಜಮಖಂಡಿ ಸದಸ್ಯ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿಯಿರಿ. ಬ್ಲಾಕ್ ಕರಗುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕರಗುವುದಿಲ್ಲ. ಇಂಥದ್ದನ್ನು ನಂಬಿ ಮಾತ್ರೆ ಬಿಟ್ಟವರನ್ನು ಐಸಿಯುನಲ್ಲಿ ನೋಡಿದ್ದೇನೆ. ಅಳಿಸಿಬಿಡಿ.

ಜಮಖಂಡಿ ಸದಸ್ಯ: ನಮ್ಮ ಮಾವನಿಗೆ ಗುಣ ಆಗಿದೆ.

ಬಾದಾಮಿ ಸದಸ್ಯೆ: ಮಾವನ ಕಥೆ ಇರಲಿ. ಗಂಡಸರಿಗೆ ಎದೆ ಹಿಡಿದರೆ ಗಾಡಿ ತರ್ತೀರಿ, ನಮಗಾದರೆ ಸೋಡಾ ಕುಡಿ ಅಂತೀರಿ.

ಜಮಖಂಡಿ ಸದಸ್ಯ: ಹೆಂಗಸರು ಬಾಯಿಬಿಟ್ಟು ಹೇಳಿದರೆ ತಾನೇ?

ಬಾದಾಮಿ ಸದಸ್ಯೆ: ಹೇಳಿದರೆ ಟೆನ್ಷನ್ ಮಾಡ್ಕೋಬೇಡ ಅಂತೀರಿ!

ಹುನಗುಂದ ಸದಸ್ಯ: ಹೆಂಗಸರಿಗೆ ಅಟ್ಯಾಕ್ ಕಡಿಮೆ ಅಲ್ವಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಬೀಳಗಿ ಸದಸ್ಯೆ: ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತಗೊಂಡರೆ ಹೃದಯಕ್ಕೆ ಒಳ್ಳೇದಾ?

ಇಳಕಲ್ ಸದಸ್ಯೆ: ಜೋರಾಗಿ ಕೆಮ್ಮುತ್ತಾ ಇದ್ದರೆ ಅಟ್ಯಾಕ್‌ನಲ್ಲಿ ಜೀವ ಉಳಿಯುತ್ತಂತೆ?

ಡಾಕ್ಟರ್: ಇಲ್ಲ. ಎಷ್ಟು ಸಲ ಹೇಳಬೇಕು? 108ಕ್ಕೆ ಫೋನ್ ಮಾಡಿ.

ಮುಧೋಳ ಸದಸ್ಯೆ: ಹೌದು ಮೇಡಂ, ನಾನು ಹೊಟ್ಟೆಯಲ್ಲಿದ್ದಾಗ ಬಿಪಿ ಏರಿತ್ತಂತೆ. ನಿನ್ನೆ ರಾತ್ರಿ ಮಲಗಿದಾಗಲೂ ನೋವು ಬಂತು. 20 ನಿಮಿಷ ಇತ್ತು. ಮೈಯೆಲ್ಲಾ ಬೆವರಿತ್ತು.

ಡಾಕ್ಟರ್: ಉಳಿದವರು ಸ್ವಲ್ಪ ಸುಮ್ಮನಿರಿ. ಮುಧೋಳದವರೇ, ಈಗಲೇ 108ಕ್ಕೆ ಫೋನ್ ಮಾಡಿ. ಅವ್ವನನ್ನು ನಡೆಸಬೇಡಿ. ಬಸುರಿನಲ್ಲಿ ಏರಿದ ಬಿಪಿ ಮುಂದೆ ಹೃದಯಕ್ಕೂ ಅಪಾಯ ತರುತ್ತದೆ, ಅದನ್ನು ಅಲ್ಲಿ ಹೇಳಿ. ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡೂ ಆಗಬೇಕು. ಮೊದಲ ಸಲ ಎರಡೂ ನಾರ್ಮಲ್ ಬಂದರೂ ಮನೆಗೆ ಬರಬೇಡಿ. ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿಸಬೇಕು. ಶುಗರ್ ಮಾತ್ರೆಯ ಚೀಟಿ ಒಯ್ಯಿರಿ.

ಮುಧೋಳ ಸದಸ್ಯೆ: ಹಿಟ್ಟು ನಾದಿದ್ದೀನಿ, ರೊಟ್ಟಿ ಮುಗಿಸಿ ಬರ್ತೀನಿ ಅಂತಾಳೆ.

ಡಾಕ್ಟರ್: ಬೇಡ. ಹಂಚು ಇಳಿಸಿ, ಒಲೆ ಆರಿಸಿ. ಗಾಡಿ ಹತ್ತಿದ ಕೂಡಲೇ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಮುಧೋಳ ಸದಸ್ಯೆ: ಹತ್ತಿದೆವು ಮೇಡಂ.